ಊಟಕ್ಕೆ ಮುನ್ನ ಒಂದು ಲೋಟ ಕಹಿ

ಷಡ್ರಸಗಳಲ್ಲಿ ಕಹಿಗೆ ಈಗ ನಮ್ಮ ಮನೆಗಳಲ್ಲಿ ಉಳಿದಿರುವ ಮರ್ಯಾದೆ ಯುಗಾದಿಯ ಒಂದು ದಿನದ್ದು. ಅಂದೂ ಬೆಲ್ಲವೇ ಹೆಚ್ಚು, ಬೇವು ನೆಪಕ್ಕೆ. ಹೀಗಿರುವಾಗ ಇಟಲಿಯ ಕಹಿ ಪಾನೀಯವೊಂದು ಬೆಂಗಳೂರಿನ ಹೋಟೆಲುಗಳನ್ನು ದಾಟಿ, ನಮ್ಮ ಮುಳ್ಳೂರಿನಂಥ ಹೊಳೆದಂಡೆಯ ಊರಿನ ಯುವಕರ ಮೊಬೈಲ್ ಪರದೆಯವರೆಗೂ ಬಂದಿರುವುದು ಸೋಜಿಗ. ಅದನ್ನು ಮನೆಯಲ್ಲೇ ಮಾಡುವುದು ಹೇಗೆಂದು ಕೇಳುವವರೂ ಇದ್ದಾರೆ. ಆ ಪ್ರಶ್ನೆಗೆ ಮೂಗು ಮುರಿಯುವುದಕ್ಕಿಂತ ವಿವೇಚಿಸುವುದು ಲೇಸೆಂದು ನನ್ನ ಭಾವನೆ.

ಅದರ ಹೆಸರು ಸ್ಪ್ರಿಟ್ಸ್. ಉತ್ತರ ಇಟಲಿಯ ವೆನೆಟೊ ಪ್ರಾಂತ್ಯವು ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದಾಗ, ಅಲ್ಲಿಯ ವೈನ್ ತೀಕ್ಷ್ಣವೆನಿಸಿದವರು ಅದಕ್ಕೆ ನೀರು ಚಿಮುಕಿಸಿಕೊಳ್ಳುತ್ತಿದ್ದರಂತೆ. ಚಿಮುಕಿಸು ಎಂಬರ್ಥದ ಜರ್ಮನ್ ಪದದಿಂದಲೇ ಈ ಹೆಸರು. 1919ರಲ್ಲಿ ಪಾದುವಾ ನಗರದ ಬಾರ್ಬಿಯೇರಿ ಸಹೋದರರು ಅಪೆರೋಲ್ ಎಂಬ ಕಿತ್ತಳೆ ಬಣ್ಣದ ಕಹಿ ಮದ್ಯವನ್ನು ಹೊರತಂದರು. ಮೂರು ಪಾಲು ನೊರೆಯುಕ್ಕುವ ವೈನ್, ಎರಡು ಪಾಲು ಅಪೆರೋಲ್, ಒಂದು ಪಾಲು ಸೋಡಾ: ಇದು ಇಂದಿನ ಪ್ರಚಲಿತ ಪ್ರಮಾಣ. ಹಸಿವನ್ನು ಎಬ್ಬಿಸಲೆಂದು ಊಟಕ್ಕೆ ಮುನ್ನ ಅದನ್ನು ಸೇವಿಸುತ್ತಾರೆ.

ಇಂಥ ಪೇಯಗಳಿಗೆ ಕಹಿ ಕೊಡುವವು ಜೆನ್ಶಿಯನ್ ಬೇರು, ಸಿಂಕೋನಾ ತೊಗಟೆ, ಕಿತ್ತಳೆ ಜಾತಿಯ ಸಿಪ್ಪೆ ಮೊದಲಾದವು. ಇವು ನಮಗೆ ಅಪರಿಚಿತವೇ? ಗ್ರಂಧಿಗೆ ಅಂಗಡಿಯ ಕಿರಾತಕಡ್ಡಿ ಜೆನ್ಶಿಯನ್ ಕುಟುಂಬದ ಸಸ್ಯವೇ. ಸಿಂಕೋನಾವನ್ನು ಬ್ರಿಟಿಷರು 1860ರ ದಶಕದಲ್ಲಿ ನಮ್ಮ ನೆರೆಯ ನೀಲಗಿರಿಯಲ್ಲಿ ಬೆಳೆಸಿ, ಮಲೇರಿಯಾಕ್ಕೆ ಕ್ವಿನೈನ್ ತೆಗೆದರು. ಚಿತ್ರಾನ್ನಕ್ಕೂ ಉಪ್ಪಿನಕಾಯಿಗೂ ಒದಗುವ ಹೇರಳೆಕಾಯಿಯ ಸಿಪ್ಪೆಯ ಕಹಿಯನ್ನು ನಮ್ಮ ತಾಯಂದಿರು ಚೆನ್ನಾಗಿ ಬಲ್ಲರು. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಂತಾಗಬಾರದು.

ಮದ್ಯವಿಲ್ಲದೆ ಅದೇನು ರುಚಿ ಎನ್ನುವವರಿಗೆ ನನ್ನ ಉತ್ತರವಿದು. ಇಟಲಿಯಲ್ಲಿ ಆ ಲೋಟ ಊಟಕ್ಕೆ ಪೀಠಿಕೆ. ನಮ್ಮ ಸೀಮೆಯ ಎಷ್ಟೋ ಕೂಲಿಕಾರರ ಮನೆಗಳಲ್ಲಿ ಮದ್ಯ ಊಟದ ದುಡ್ಡನ್ನೇ ನುಂಗಿತು. ತಂದೆಯ ಹಿಂದಿನ ರಾತ್ರಿಯ ಕುಡಿತವನ್ನು ಮಗುವಿನ ಬೆಳಗಿನ ಮುಖದಲ್ಲಿ ಓದುವುದು ಪ್ರೌಢಶಾಲೆಯ ಶಿಕ್ಷಕನಿಗೆ ಕಷ್ಟವಲ್ಲ. ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1948ರಲ್ಲಿ ಆ ಪ್ರಾಂತ್ಯವಿಡೀ ಪಾನನಿರೋಧ ಜಾರಿಯಾಯಿತು. ಬಹುಕಾಲದ ಮೇಲೆ, 2007ರಲ್ಲಿ, ಕರ್ನಾಟಕವು ಸಾರಾಯಿಯನ್ನು ನಿಷೇಧಿಸಿತು. ಕುಡಿತ ಮಾತ್ರ ಬೇರೆ ಬಾಟಲಿ ಹುಡುಕಿಕೊಂಡಿತು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು. ನಾಲಿಗೆಗೆ ರುಚಿಯನ್ನು ಕಲಿಸಲಾರದು. ಅದನ್ನು ಕಲಿಸಬೇಕಾದುದು ಮನೆ. ಮಕ್ಕಳ ಕೈಗೆ ಬರಿಯ ಸಿಹಿಯ ಬಣ್ಣದ ಬಾಟಲಿಗಳನ್ನೇ ಕೊಟ್ಟು ಬೆಳೆಸಿದರೆ, ಕಹಿಯ ಗಾಂಭೀರ್ಯವನ್ನು ಅವರು ಮುಂದೆ ಮದ್ಯದ ಲೋಟದಲ್ಲೇ ಮೊದಲು ಕಾಣುತ್ತಾರೆ.

ಆದ್ದರಿಂದ ಮನೆಯಲ್ಲೇ ಮಾಡಿ, ಆದರೆ ಹೀಗೆ ಮಾಡಿ. ಒಂದು ಹೇರಳೆಕಾಯಿಯ ಹೊರಸಿಪ್ಪೆಯನ್ನು ಒಳಗಿನ ಬಿಳಿಭಾಗ ಬಾರದಂತೆ ತೆಳ್ಳಗೆ ಹೆರೆಯಿರಿ. 250 ಮಿ.ಲೀ. ನೀರಿಗೆ ಆ ಸಿಪ್ಪೆ, 100 ಗ್ರಾಂ ಸಕ್ಕರೆ, ಬೆರಳಿನ ಉಗುರಿನಷ್ಟು ಕಿರಾತಕಡ್ಡಿಯ ಚೂರು ಹಾಕಿ ಸಣ್ಣ ಉರಿಯಲ್ಲಿ 10 ನಿಮಿಷ ಕುದಿಸಿ. ಆರಿದ ಮೇಲೆ ಸೋಸಿ, ಅರ್ಧ ಕಾಯಿಯ ರಸ ಹಿಂಡಿ. ಲೋಟಕ್ಕೆ ಮಂಜುಗಡ್ಡೆ, ಚಿಟಿಕೆ ಉಪ್ಪು, ಈ ಪಾಕ 50 ಮಿ.ಲೀ.; ಕೊನೆಯಲ್ಲಿ 150 ಮಿ.ಲೀ. ಸೋಡಾ. ಇಂಗಾಲದ ಡೈಆಕ್ಸೈಡ್ ತಣ್ಣನೆಯ ನೀರಿನಲ್ಲೇ ಹೆಚ್ಚು ಕರಗಿರುತ್ತದೆ. ಆದ್ದರಿಂದ ಸೋಡಾ ಚೆನ್ನಾಗಿ ತಣಿದಿರಲಿ. ಲೋಟದ ಅಂಚಿನಿಂದ ಮೆಲ್ಲನೆ ಸುರಿಯಿರಿ, ಕದಡಬೇಡಿ. ಔಷಧ ಸೇವಿಸುತ್ತಿರುವವರೂ ಗರ್ಭಿಣಿಯರೂ ಕಿರಾತಕಡ್ಡಿಯನ್ನು ಬಿಡುವುದು ಒಳಿತು. ಸಿಪ್ಪೆಯ ಕಹಿಯೇ ಸಾಕು. ಪರಿಮಳಕ್ಕೆ ಬಿಳಿಗಿರಿರಂಗನ ಬೆಟ್ಟದ ಮಾಕಳಿ ಬೇರನ್ನು ಸೇರಿಸಬಹುದಲ್ಲ ಎನ್ನುವವರಿದ್ದಾರೆ. ಬೇರು ಅಗೆದರೆ ಬಳ್ಳಿಗೇ ಕುತ್ತು, ಆ ಬಳ್ಳಿ ಈಗಾಗಲೇ ಅಳಿವಿನಂಚಿಗೆ ಬಂದಿದೆ. ಹೇರಳೆ ಗಿಡವಾದರೋ ಮತ್ತೆ ಕಾಯಿ ಬಿಡುತ್ತದೆ.

ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಹಂಚಿಕೊಳ್ಳಬಹುದಾದ ಲೋಟವಿದು. ಇಟಲಿಯವರಿಂದ ನಾವು ಕಲಿಯಬೇಕಾದುದು ಅವರ ಮದ್ಯವನ್ನಲ್ಲ, ಊಟಕ್ಕೆ ಮುನ್ನ ಒಂದಿಷ್ಟು ಹೊತ್ತು ಜೊತೆಯಾಗಿ ಕುಳಿತು ಮಾತನಾಡುವ ಅವರ ಪದ್ಧತಿಯನ್ನು. ಊಟದ ಮುಂಚಿನ ಯಾವುದೇ ಪಾನೀಯಕ್ಕೆ ನಾನು ಒಡ್ಡುವ ಪರೀಕ್ಷೆ ಒಂದೇ: ಅದನ್ನು ಕುಡಿದ ಮೇಲೆ ಮನೆಮಂದಿಯೆಲ್ಲ ನೆಮ್ಮದಿಯಿಂದ ಒಟ್ಟಿಗೆ ಊಟಕ್ಕೆ ಕುಳಿತರೇ?