ಡಬ್ಬಿಯ ಪ್ಯೂರಿ, ಭರಣಿಯ ತೊಕ್ಕು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಗಳಲ್ಲಿ ಟೊಮೆಟೊ ಪ್ಯೂರಿಯ ಡಬ್ಬಿಗಳೇಕೆ ಧೂಳು ಹಿಡಿಯುತ್ತವೆ? ಬೆಲೆಯೊಂದೇ ಕಾರಣವಲ್ಲ. ತೆರೆದ ಡಬ್ಬಿ ಕೆಲವೇ ದಿನಗಳಲ್ಲಿ ಕೆಡುತ್ತದೆ. ಉಪ್ಪು, ಎಣ್ಣೆ, ಹುಣಸೆಹುಳಿ ಹಾಕಿ ಬಾಡಿಸಿದ ಮನೆಯ ತೊಕ್ಕು ಭರಣಿಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಗೃಹಿಣಿಯ ಲೆಕ್ಕ ಸರಿಯಾಗಿಯೇ ಇದೆ.

ಆದರೆ ತೊಕ್ಕಿಗೆ ಅಗ್ಗದ ಹಣ್ಣು ಬೇಕು. 2023ರ ಜುಲೈನಲ್ಲಿ ಕಿಲೋ ಬೆಲೆ ನೂರು ರೂಪಾಯಿ ದಾಟಿದಾಗ ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಹೊಲದ ಟೊಮೆಟೊ ಕಳುವಾಯಿತು! ಬೆಲೆ ಕುಸಿದಾಗ ಅದೇ ಹಣ್ಣು ರಸ್ತೆ ಬದಿಗೆ ಬೀಳುತ್ತದೆ. ನಮ್ಮ ಕಿರು ಉದ್ದಿಮೆದಾರರು ಆಗಲೇ ಹಣ್ಣು ಕೊಂಡು, ತೊಕ್ಕು ಮಾಡಿ, ಸಣ್ಣ ಗಾಜಿನ ಶೀಶೆಗಳಲ್ಲಿ ತುಂಬಬೇಕು. ಸಂಸ್ಕರಿತ ಟೊಮೆಟೊ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರ ಬದಲು 5 ಆಗಿದೆ. ಪ್ಯೂರಿಯ ಗೋಜು ಬೇಡ; ಅದು ದೊಡ್ಡ ಕಂಪನಿಗಳ ಕಣ. ಮೊದಲ ಶೀಶೆಗಳನ್ನು ನಮ್ಮ ವರ್ತಕರು ನಗದು ಕೊಟ್ಟು ಕೊಳ್ಳುವರೇ ಎಂಬುದೊಂದೇ ನನ್ನ ಶಂಕೆ.