ವಿಡಿಯೋ ಗೇಮ್ ಬಿಡುಗಡೆ: ಮುಹೂರ್ತ ತಪ್ಪಿದರೆ ಬೆಲೆ ತೆರುವವರಾರು?

ಒಂದು ಆಟದ ಬಿಡುಗಡೆ ದಿನಾಂಕ ಮುಂದಕ್ಕೆ ಹೋದರೆ ಷೇರುಪೇಟೆ ಬೆಚ್ಚಿಬೀಳುತ್ತದೆ. ವಿಡಿಯೋ ಗೇಮ್ ಉದ್ಯಮದಲ್ಲಿ ಕ್ಯಾಲೆಂಡರಿಗಿರುವ ತೂಕವನ್ನು ಅರಿಯಲು ಇದೊಂದೇ ಸಾಕು. ಅಮೆರಿಕದ ಟೇಕ್-ಟೂ ಕಂಪನಿಯು ‘ಗ್ರ್ಯಾಂಡ್ ಥೆಫ್ಟ್ ಆಟೊ-6’ ಆಟವನ್ನು 2025ರಲ್ಲಿ ಬಿಡುಗಡೆ ಮಾಡುವುದಾಗಿ ಮೊದಲು ಪ್ರಕಟಿಸಿತ್ತು. ಆ ವರ್ಷದ ಮೇ ತಿಂಗಳಲ್ಲಿ ಅದನ್ನು 2026ರ ಮೇ 26ಕ್ಕೆ ಮುಂದೂಡಿತು. ಬಳಿಕ ನವೆಂಬರ್‌ನಲ್ಲಿ ಮತ್ತೊಮ್ಮೆ, 2026ರ ನವೆಂಬರ್ 19ಕ್ಕೆ ಮುಂದೂಡಿತು. ಎರಡೂ ಬಾರಿ ಕಂಪನಿಯ ಷೇರು ಬೆಲೆ ಕುಸಿಯಿತು.

ಇದಕ್ಕೆ ಕಾರಣವಿಲ್ಲದಿಲ್ಲ. ಇದೇ ಸರಣಿಯ ಐದನೆಯ ಆಟ 2013ರ ಸೆಪ್ಟೆಂಬರ್ 17ರಂದು ಮಾರುಕಟ್ಟೆಗೆ ಬಂದಾಗ 24 ಗಂಟೆಗಳಲ್ಲಿ 80 ಕೋಟಿ ಡಾಲರ್, ಮೂರು ದಿನಗಳಲ್ಲಿ 100 ಕೋಟಿ ಡಾಲರ್ ವಹಿವಾಟು ನಡೆಸಿತ್ತು. ಇಂಥ ಆಟ ಯಾವ ದಿನ ಬಂದರೂ ಅದೇ ಶುಭದಿನ. ಆದರೆ ಉಳಿದ ಆಟಗಳಿಗೆ ಆ ಭಾಗ್ಯವಿಲ್ಲ. ದೊಡ್ಡ ಬಂಡವಾಳದ ಆಟವೊಂದು ತಪ್ಪು ವಾರದಲ್ಲಿ ತೆರೆಕಂಡರೆ ಏನಾಗುತ್ತದೆ? ಆ ನಷ್ಟವನ್ನು ಭರಿಸುವವರು ಯಾರು? ಕಳೆದ ಕೆಲವು ವರ್ಷಗಳ ವಿದ್ಯಮಾನಗಳು ಇದಕ್ಕೆ ಉತ್ತರ ಒದಗಿಸುತ್ತವೆ.

ಎರಡೇ ಸುಗ್ಗಿ

ಗಾಂಧಿನಗರದಲ್ಲಿ ಒಂದೇ ಶುಕ್ರವಾರ ನಾಲ್ಕೈದು ಚಿತ್ರಗಳು ಬಿಡುಗಡೆಯಾದಾಗ ಚಿತ್ರಮಂದಿರಗಳಿಗಾಗಿ ನಡೆಯುವ ಪೈಪೋಟಿ ನಮಗೆ ಹೊಸತಲ್ಲ. ಆದರೆ ಚಿತ್ರ ಮುಗಿಯುವುದು ಮೂರು ಗಂಟೆಯಲ್ಲಿ. ದೊಡ್ಡ ವಿಡಿಯೋ ಗೇಮ್ 50-60 ಗಂಟೆ ಬೇಡುತ್ತದೆ. ಬೆಲೆಯೂ 60ರಿಂದ 70 ಡಾಲರ್. ಹೀಗಾಗಿ ಒಂದು ಆಟ ಕೊಂಡವನು ಮುಂದಿನ ಒಂದೆರಡು ತಿಂಗಳು ಇನ್ನೊಂದರತ್ತ ತಿರುಗಿ ನೋಡುವುದು ವಿರಳ. ಇಲ್ಲಿ ಸ್ಪರ್ಧೆ ಇರುವುದು ಗ್ರಾಹಕನ ಜೇಬಿಗಾಗಿ ಮಾತ್ರವಲ್ಲ, ಆತನ ಬಿಡುವಿನ ವೇಳೆಗಾಗಿಯೂ ಹೌದು.

ಮೊದಲ ಕೆಲವು ವಾರಗಳಲ್ಲಷ್ಟೇ ಆಟ ಪೂರ್ಣ ಬೆಲೆಗೆ ಮಾರಾಟವಾಗುತ್ತದೆ. ಪ್ರಚಾರದ ಹಣವೂ ಆ ಅವಧಿಗೇ ಮೀಸಲು. ಆನಂತರ ರಿಯಾಯಿತಿಯ ಕಾಲ ಆರಂಭವಾಗುತ್ತದೆ. ಆದ್ದರಿಂದ ಕಂಪನಿಗಳು ಖರೀದಿ ಜೋರಾಗಿರುವ ವೇಳೆಯನ್ನೇ ಹುಡುಕುತ್ತವೆ. ಅಂಥ ಸುಗ್ಗಿ ವರ್ಷಕ್ಕೆ ಎರಡು. ಅಕ್ಟೋಬರ್‌ನಿಂದ ಕ್ರಿಸ್‌ಮಸ್‌ವರೆಗಿನ ಹಬ್ಬದ ಖರೀದಿಯ ಕಾಲ ಮೊದಲನೆಯದು. ಫೆಬ್ರುವರಿ-ಮಾರ್ಚ್ ಎರಡನೆಯದು. ಇದಕ್ಕೆ ಕಾರಣ ಹಬ್ಬವಲ್ಲ, ಲೆಕ್ಕಪತ್ರ. ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ), ಟೇಕ್-ಟೂ, ಯೂಬಿಸಾಫ್ಟ್, ಸೋನಿ, ನಿಂಟೆಂಡೊ ಮೊದಲಾದ ಕಂಪನಿಗಳು ಹಣಕಾಸು ವರ್ಷವನ್ನು ಮಾರ್ಚ್ 31ಕ್ಕೆ ಮುಗಿಸುವ ಪದ್ಧತಿ ಬೆಳೆಸಿಕೊಂಡು ಬಂದಿವೆ. ಆ ಗಡಿಯೊಳಗೆ ಆಟ ಮಾರುಕಟ್ಟೆಗೆ ಬಂದರೆ ಆ ವರ್ಷದ ಆದಾಯ. ಒಂದು ದಿನ ದಾಟಿದರೂ ಮುಂದಿನ ವರ್ಷದ ಮಾತು. ಎಲ್ಲರೂ ಇದೇ ಕಿರಿದಾದ ಬಾಗಿಲಲ್ಲಿ ನುಗ್ಗಲೆತ್ನಿಸುವುದೇ ಸಂಘರ್ಷದ ಮೂಲ.

ಎರಡು ಆನೆಗಳ ನಡುವೆ

ಈ ಸಂಘರ್ಷಕ್ಕೆ ಉದ್ಯಮವು ಇಂದಿಗೂ ನೀಡುವ ನಿದರ್ಶನ ‘ಟೈಟನ್‌ಫಾಲ್-2’. ‘ಕಾಲ್ ಆಫ್ ಡ್ಯೂಟಿ’ ಸರಣಿಯ ರೂವಾರಿಗಳಾದ ವಿನ್ಸ್ ಜಂಪೆಲ್ಲಾ ಮತ್ತು ಜೇಸನ್ ವೆಸ್ಟ್ 2010ರಲ್ಲಿ ಕಟ್ಟಿದ ರೆಸ್ಪಾನ್ ಸ್ಟುಡಿಯೊ ರೂಪಿಸಿದ ಈ ಆಟವನ್ನು ಇಎ 2016ರ ಅಕ್ಟೋಬರ್ 28ರಂದು ಬಿಡುಗಡೆ ಮಾಡಿತು. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಅಂದರೆ ಅಕ್ಟೋಬರ್ 21ರಂದು, ‘ಬ್ಯಾಟಲ್‌ಫೀಲ್ಡ್-1’ ಬಂದಿತ್ತು. ಒಂದು ವಾರದ ನಂತರ, ನವೆಂಬರ್ 4ರಂದು, ಆಕ್ಟಿವಿಷನ್ ಕಂಪನಿಯ ‘ಕಾಲ್ ಆಫ್ ಡ್ಯೂಟಿ: ಇನ್ಫಿನಿಟ್ ವಾರ್‌ಫೇರ್’ ಬಂದಿತು. ಮೂರೂ ಬಂದೂಕು ಹಿಡಿದು ಹೋರಾಡುವ ಆಟಗಳೇ. ‘ಬ್ಯಾಟಲ್‌ಫೀಲ್ಡ್-1’ರ ಪ್ರಕಾಶಕರೂ ಇಎ ಕಂಪನಿಯವರೇ ಆಗಿದ್ದುದು ವಿಪರ್ಯಾಸ.

ವಿಮರ್ಶಕರು ‘ಟೈಟನ್‌ಫಾಲ್-2’ನ್ನು ಮುಕ್ತಕಂಠದಿಂದ ಹೊಗಳಿದರು. ಆದರೂ ಮಾರಾಟ ನಿರೀಕ್ಷೆಯ ಮಟ್ಟ ತಲುಪಲಿಲ್ಲವೆಂದು 2017ರ ಆರಂಭದಲ್ಲಿ ಕಂಪನಿಯೇ ಒಪ್ಪಿಕೊಂಡಿತು. ದಿನಾಂಕವೊಂದನ್ನೇ ದೂಷಿಸುವುದು ನ್ಯಾಯವಾಗದು. 2014ರ ಮೊದಲ ಭಾಗ ಪ್ಲೇಸ್ಟೇಷನ್‌ನಲ್ಲಿ ಬಂದೇ ಇರಲಿಲ್ಲವಾದ್ದರಿಂದ ಅಲ್ಲಿನ ಆಟಗಾರರಿಗೆ ಈ ಹೆಸರು ಅಪರಿಚಿತವಾಗಿತ್ತು. ಆದರೆ ಅಪರಿಚಿತ ಹೆಸರಿಗೆ ಬೇಕಾದದ್ದು ಬಿಡುವಿರುವ ವಾರ. ಸಿಕ್ಕಿದ್ದು ಎರಡು ಆನೆಗಳ ನಡುವಿನ ಇಕ್ಕಟ್ಟು.

ಒಂಟಿ ಆಟ, ಸಂತೆಯ ಆಟ

ಹಾಗೆಂದು ಘರ್ಷಣೆಗೆ ಸಿಕ್ಕ ಆಟಗಳೆಲ್ಲ ಮುಗ್ಗರಿಸುತ್ತವೆಯೆ? ಇಲ್ಲ. ಸೋನಿಯ ‘ಹೊರೈಜನ್ ಜೀರೋ ಡಾನ್’ 2017ರ ಫೆಬ್ರುವರಿ 28ರಂದು ಬಂದರೆ, ಮೂರೇ ದಿನಕ್ಕೆ ನಿಂಟೆಂಡೊ ಹೊಸ ಸ್ವಿಚ್ ಯಂತ್ರದೊಂದಿಗೆ ‘ಜೆಲ್ಡಾ’ ಸರಣಿಯ ಹೊಸ ಆಟ ತಂದಿತು. ಚರ್ಚೆಯೆಲ್ಲ ಅತ್ತ ಹರಿಯಿತು. ಆದರೂ ‘ಹೊರೈಜನ್’ ಎರಡು ವಾರಗಳಲ್ಲಿ 26 ಲಕ್ಷ, ಒಂದು ವರ್ಷದಲ್ಲಿ 76 ಲಕ್ಷ ಪ್ರತಿ ಮಾರಾಟವಾಯಿತು. 2021ರ ನವೆಂಬರ್ ವೇಳೆಗೆ 2 ಕೋಟಿ ದಾಟಿತು. ಇದರ ಎರಡನೆಯ ಭಾಗಕ್ಕೂ ಅದೇ ಗತಿ ಒದಗಿತು. 2022ರ ಫೆಬ್ರುವರಿ 18ರಂದು ಅದು ಬಂದ ವಾರಕ್ಕೇ ‘ಎಲ್ಡನ್ ರಿಂಗ್’ ಬಂದು ಮೂರು ವಾರಗಳಲ್ಲಿ 1.2 ಕೋಟಿ ಪ್ರತಿ ಮಾರಾಟವಾಯಿತು. ಅಷ್ಟಾದರೂ ‘ಹೊರೈಜನ್’ನ ಎರಡನೆಯ ಭಾಗ 2023ರ ಏಪ್ರಿಲ್ ಹೊತ್ತಿಗೆ 84 ಲಕ್ಷ ತಲುಪಿತು.

ವ್ಯತ್ಯಾಸವಿರುವುದು ಆಟದ ಸ್ವರೂಪದಲ್ಲಿ. ‘ಹೊರೈಜನ್’ ಒಬ್ಬರೇ ಕುಳಿತು ಆಡುವ ಕಥಾಪ್ರಧಾನ ಆಟ. ಇಂದು ಕೊಂಡರೂ ಅದೇ ಕಥೆ, ಮುಂದಿನ ವರ್ಷ ಕೊಂಡರೂ ಅದೇ ಕಥೆ. ‘ಟೈಟನ್‌ಫಾಲ್-2’ರಲ್ಲೂ ಮೆಚ್ಚುಗೆ ಗಳಿಸಿದ ಕಥೆಯೊಂದಿದ್ದರೂ ಅದರ ಜೀವಾಳ ಅಂತರ್ಜಾಲದಲ್ಲಿ ಹಲವರು ಸೇರಿ ಆಡುವ ಸ್ಪರ್ಧೆ. ಅದು ಸಂತೆಯಿದ್ದಂತೆ, ಜನರಿದ್ದರೆ ಜನ ಬರುತ್ತಾರೆ. ಮೊದಲ ವಾರ ಗುಂಪು ಸೇರದಿದ್ದರೆ ಎದುರಾಳಿಗಾಗಿ ಕಾಯಬೇಕಾಗುತ್ತದೆ, ಕಾದು ಬೇಸತ್ತವರು ಸ್ನೇಹಿತರಿರುವ ಆಟದತ್ತ ಹೊರಳುತ್ತಾರೆ. ಬಿಡುಗಡೆಯ ವೇಳೆ ಮಾರಾಟವನ್ನು ಬಾಧಿಸುತ್ತದೆ ಎಂಬ ಮಾತನ್ನು ಹೀಗೆ ತಿದ್ದಿಕೊಳ್ಳುವುದು ಉಚಿತ: ಒಂಟಿ ಆಟಕ್ಕೆ ತಪ್ಪು ದಿನಾಂಕ ಜ್ವರವಾದರೆ, ಸಂತೆಯ ಆಟಕ್ಕೆ ಅದು ಮಾರಕ.

ಇದನ್ನು ಪುಷ್ಟೀಕರಿಸುವ ಘಟನೆಯೂ ರೆಸ್ಪಾನ್ ಸ್ಟುಡಿಯೊದ್ದೇ. ಇಎ ಆ ಸ್ಟುಡಿಯೊವನ್ನು 2017ರ ಕೊನೆಯಲ್ಲಿ ಖರೀದಿಸಿತು. ‘ಟೈಟನ್‌ಫಾಲ್’ ಲೋಕದಲ್ಲೇ ನಡೆಯುವ ‘ಏಪೆಕ್ಸ್ ಲೆಜೆಂಡ್ಸ್’ ಆಟವನ್ನು 2019ರ ಫೆಬ್ರುವರಿ 4ರಂದು, ಘೋಷಣೆ ಮಾಡಿದ ದಿನವೇ, ಉಚಿತವಾಗಿ ಬಿಡುಗಡೆ ಮಾಡಲಾಯಿತು. ಒಂದೇ ವಾರದಲ್ಲಿ 2.5 ಕೋಟಿ ಆಟಗಾರರು ಸೇರಿದರು. ಉಚಿತವೆಂಬುದು ದೊಡ್ಡ ಆಕರ್ಷಣೆ, ನಿಜ. ಆದರೆ ಈ ಬಾರಿ ಅಕ್ಕಪಕ್ಕದಲ್ಲಿ ಆನೆಗಳಿರಲಿಲ್ಲ ಎಂಬುದೂ ಅಷ್ಟೇ ನಿಜ.

ಹಠ ಹಿಡಿದ ದಿನಾಂಕ

ತಪ್ಪು ವಾರಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಸಿದ್ಧವಾಗದ ಆಟವನ್ನು ‘ಸರಿಯಾದ’ ವಾರಕ್ಕೆ ತಳ್ಳುವುದು. 1982ರ ಕ್ರಿಸ್‌ಮಸ್ ಮಾರಾಟವನ್ನು ಹಿಡಿಯಲೇಬೇಕೆಂದು ಅಟಾರಿ ಕಂಪನಿ ‘ಇ.ಟಿ.’ ಚಲನಚಿತ್ರವನ್ನಾಧರಿಸಿದ ಆಟವನ್ನು ಸುಮಾರು ಐದೇ ವಾರಗಳಲ್ಲಿ ಸಿದ್ಧಪಡಿಸಿತು. ಉಳಿದ ಪ್ರತಿಗಳು ಮರುವರ್ಷ ನ್ಯೂ ಮೆಕ್ಸಿಕೊದ ಕಸದ ಗುಂಡಿ ಸೇರಿದವು.

ನಾಲ್ಕು ದಶಕಗಳ ತರುವಾಯವೂ ಪಾಠ ಪೂರ್ತಿ ಮನದಟ್ಟಾದಂತಿಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯು ‘ಸೈಬರ್‌ಪಂಕ್ 2077’ ಆಟವನ್ನು 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ, ಅಲ್ಲಿಂದ ನವೆಂಬರ್‌ಗೆ ಮುಂದೂಡಿ, ಕಡೆಗೆ ಡಿಸೆಂಬರ್ 10ರಂದು ಬಿಡುಗಡೆ ಮಾಡಿತು. ಹತ್ತೇ ದಿನಗಳಲ್ಲಿ 1.3 ಕೋಟಿ ಪ್ರತಿ ಮಾರಾಟವಾಯಿತು. ಆದರೆ ಹಳೆಯ ಯಂತ್ರಗಳಲ್ಲಿ ಆಟ ಸರಿಯಾಗಿ ನಡೆಯದೆ ಗ್ರಾಹಕರು ಹಣ ವಾಪಸ್ ಕೇಳಿದರು. ಸೋನಿ ತನ್ನ ಆನ್‌ಲೈನ್ ಮಳಿಗೆಯಿಂದಲೇ ಅದನ್ನು ತೆಗೆದುಹಾಕಿತು. ಅದು ಮರಳಿದ್ದು 2021ರ ಜೂನ್‌ನಲ್ಲಿ. ಹಬ್ಬದ ಮಾರಾಟ ದಕ್ಕಿತು, ವಿಶ್ವಾಸ ಕೈಜಾರಿತು.

ಬೆಂಗಳೂರಿನವರೆಗೂ

ಕಂಪನಿಯ ಆಡಳಿತ ಮಂಡಳಿ ದಿನಾಂಕ ನಿಗದಿಪಡಿಸುತ್ತದೆ. ಅದನ್ನು ಪಾಲಿಸುವ ಹೊಣೆ ಚಿತ್ರಕಾರರು, ಪ್ರೋಗ್ರಾಮರ್‌ಗಳು, ಪರೀಕ್ಷಕರ ಮೇಲೆ ಬೀಳುತ್ತದೆ. ‘ಸೈಬರ್‌ಪಂಕ್’ ಬಿಡುಗಡೆಗೆ ಮುನ್ನ, ಕಡ್ಡಾಯವಾಗಿ ಹೆಚ್ಚು ದುಡಿಸುವುದಿಲ್ಲವೆಂಬ ಹಿಂದಿನ ಭರವಸೆಯನ್ನು ಮುರಿದು, ಸಿಬ್ಬಂದಿಗೆ ವಾರಕ್ಕೆ ಆರು ದಿನಗಳ ದುಡಿಮೆ ವಿಧಿಸಲಾಗಿತ್ತು.

ಇದು ಕನ್ನಡಿಗರಿಗೆ ದೂರದ ಸಂಗತಿಯಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆಯನ್ನು, ಟೇಕ್-ಟೂ ಒಡೆತನದ ರಾಕ್‌ಸ್ಟಾರ್ ಗೇಮ್ಸ್ 2019ರಲ್ಲಿ 79 ಲಕ್ಷ ಡಾಲರ್‌ಗೆ ಕೊಂಡು, ನಗರದಲ್ಲಿದ್ದ ತನ್ನ ಸ್ಟುಡಿಯೊದಲ್ಲಿ ವಿಲೀನಗೊಳಿಸಿತು. ‘ಗ್ರ್ಯಾಂಡ್ ಥೆಫ್ಟ್ ಆಟೊ’ ಸರಣಿ ಇದೇ ರಾಕ್‌ಸ್ಟಾರ್‌ನದು. ನ್ಯೂಯಾರ್ಕಿನಲ್ಲಿ ಬದಲಾಗುವ ದಿನಾಂಕಕ್ಕೆ ಬೆಂಗಳೂರಿನಲ್ಲೂ ಕೆಲಸದ ವೇಳಾಪಟ್ಟಿ ಹೊಂದಿಕೊಳ್ಳಬೇಕಾಗುತ್ತದೆ.

ಮುಂದೂಡಿಕೆಯನ್ನು ವೈಫಲ್ಯವೆಂದು ಷೇರುಪೇಟೆ ಪರಿಗಣಿಸುವುದು ಸಹಜ. ಅದರ ದೃಷ್ಟಿ ಮೂರು ತಿಂಗಳಾಚೆ ಹೋಗದು. ಆದರೆ ಬಿಡುವಿರುವ ವಾರ ಹುಡುಕಿ ಕಾಯುವುದು, ಆಟ ಹದಕ್ಕೆ ಬರುವವರೆಗೆ ತಡೆಯುವುದು ಎರಡೂ ವ್ಯಾಪಾರದ ವಿವೇಕವೇ. ‘ಟೈಟನ್‌ಫಾಲ್-2’ರ ತಯಾರಕರು ಮಾಡಬೇಕಾದದ್ದನ್ನು ಚೆನ್ನಾಗಿಯೇ ಮಾಡಿದ್ದರು. ಅವರ ವರ್ಷಗಳ ದುಡಿಮೆಯ ಹಣೆಬರಹ ತೀರ್ಮಾನವಾದದ್ದು ಕ್ಯಾಲೆಂಡರಿನ ಒಂದು ಶುಕ್ರವಾರದಲ್ಲಿ. ಆ ಶುಕ್ರವಾರವನ್ನು ಆರಿಸಿದವರು ಅವರ ಆಟವನ್ನು ಮಾರಲು ಹೊಣೆ ಹೊತ್ತವರೇ ಆಗಿದ್ದರು.