ಚಿತ್ರದ ಮುಂದೆ ಮಗು ಮಾತಾಡಲಿ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರ ಬರೆಯಲು ಹೇಳಿಕೊಡುವವರು ಅಲ್ಲೊಬ್ಬರು ಇಲ್ಲೊಬ್ಬರಾದರೂ ಸಿಗುತ್ತಾರೆ. ಚಿತ್ರ ನೋಡಲು ಹೇಳಿಕೊಡುವವರು ಇಲ್ಲವೆನ್ನುವಷ್ಟು ಕಡಿಮೆ. ನೋಡುವುದನ್ನೂ ಕಲಿಸಬೇಕೆ, ಕಣ್ಣಿದ್ದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಎಂಟು ವರ್ಷದ ಮಗು ಕಲಾಕೃತಿಯನ್ನು ವಿಮರ್ಶಿಸಬೇಕು ಎಂದರಂತೂ ಅತಿಯಾಯಿತು ಅನ್ನಿಸೀತು. ವಿಮರ್ಶೆ ಎಂದೊಡನೆ ವಿದ್ವಾಂಸರ ಗೋಷ್ಠಿ, ಬಾಯಿಗೆ ಸಿಗದ ಪದಗಳು ನೆನಪಾಗುತ್ತವೆ. ಆದರೆ ಆ ಕೆಲಸದ ತಿರುಳು ನಾವು ಅಂದುಕೊಂಡಷ್ಟು ದೂರದ್ದಲ್ಲ. ಕಂಡದ್ದನ್ನು ಹೇಳುವುದು, ಹೇಳಿದ್ದಕ್ಕೆ ಚಿತ್ರದೊಳಗಿಂದಲೇ ಆಧಾರ ಕೊಡುವುದು, ಪಕ್ಕದಲ್ಲಿ ಕೂತವರಿಗೆ ಬೇರೆ ಏನೋ ಕಂಡಿದ್ದರೆ ಅದನ್ನು ಕೇಳಿಸಿಕೊಂಡು ಮತ್ತೊಮ್ಮೆ ನೋಡುವುದು. ಇಷ್ಟನ್ನು ಮೂರನೇ ತರಗತಿಯ ಮಗು ಮಾಡಬಲ್ಲದು. ಅದಕ್ಕೆ ಶಾಲೆಯಲ್ಲಿ ಜಾಗ ಸಿಗಲೇಬೇಕು ಎಂಬುದು ನನ್ನ ವಾದ.

ಶಾಲಾ ಪ್ರವಾಸದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ನೋಡಿ ಬಂದವರನ್ನು ಕೇಳಿ, ಬಹಳ ಮಂದಿಗೆ ನೆನಪಿರುವುದು ಒಂದೇ ಚಿತ್ರ: ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳು. ಎಸ್.ಎಲ್. ಹಲ್ದಂಕರ್ 1940ರ ದಶಕದಲ್ಲಿ ತಮ್ಮ ಮಗಳನ್ನೇ ಎದುರು ನಿಲ್ಲಿಸಿಕೊಂಡು ಬರೆದ ಜಲವರ್ಣ ಅದು. ಅದರಲ್ಲಿ ಏನೇನು ನೋಡಿದಿರಿ ಎಂದು ಮುಂದುವರಿಸಿದರೆ, ‘ನಿಜವಾದ ದೀಪ ಉರಿದ ಹಾಗೇ ಇತ್ತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದು ತಪ್ಪಲ್ಲ, ಮೊದಲ ಬೆರಗು ಹಾಗೆಯೇ ಇರುತ್ತದೆ. ದುಃಖದ ಸಂಗತಿಯೆಂದರೆ ಬೆರಗು ಹುಟ್ಟಿದ ಗಳಿಗೆಗೇ ‘ನಡೀರಿ, ನಡೀರಿ’ ಎಂದು ಸಾಲನ್ನು ಮುಂದಕ್ಕೆ ಕಳಿಸಿಬಿಡುತ್ತೇವೆ. ಇನ್ನೆರಡು ನಿಮಿಷ ನಿಲ್ಲಿಸಿದ್ದರೆ ಕೇಳುವುದು ಎಷ್ಟೊಂದಿತ್ತು! ದೀಪಕ್ಕೆ ಅಡ್ಡ ಹಿಡಿದ ಕೈಯ ಬೆರಳುಗಳು ಯಾಕೆ ಹಾಗೆ ಹೊಳೆಯುತ್ತಿವೆ? ಮುಖದ ಯಾವ ಭಾಗಕ್ಕೆ ಬೆಳಕು ಬಿದ್ದಿದೆ? ಗಾಳಿಗೆ ಆರೀತೆಂದು ಕೈ ಅಡ್ಡ ಹಿಡಿದಳೋ, ಒಳಗೆ ಯಾರೋ ಮಲಗಿದ್ದಾರೆಂದು ಬೆಳಕನ್ನು ಮರೆಮಾಡಿದಳೋ? ಬೆಳಕನ್ನು ಬಣ್ಣದಲ್ಲಿ ಬರೆಯುವುದಾದರೂ ಹೇಗೆ? ಈ ಕೊನೆಯ ಪ್ರಶ್ನೆಗೆ ಒಳ್ಳೆಯ ಉತ್ತರವಿದೆ. ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಅದನ್ನು ಉಳಿಸಿಕೊಂಡು, ಸುತ್ತಲಿನ ಕತ್ತಲನ್ನು ತೆಳುವಾದ ಪದರಗಳಲ್ಲಿ ಗಾಢ ಮಾಡುತ್ತ ಹೋಗಬೇಕು. ಎಂಟು ವರ್ಷದ ಮಗುವಿಗೆ ಇದು ಖಂಡಿತ ಅರ್ಥವಾಗುತ್ತದೆ. ಮನೆಗೆ ಹೋಗಿ ಬಣ್ಣ ಕಲೆಸಿ ನೋಡುವಷ್ಟು ಅರ್ಥವಾಗುತ್ತದೆ.

ಅವಸರದ ನೋಟ ಮಕ್ಕಳಿಗಷ್ಟೇ ಅಂಟಿದ ರೋಗವಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನೋಡುಗರು ಒಂದೊಂದು ಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಇಬ್ಬರು ಸಂಶೋಧಕರು ಅಳೆದು 2001ರಲ್ಲಿ ಪ್ರಕಟಿಸಿದರು. ಸರಾಸರಿ 27 ಸೆಕೆಂಡು. ಅದರಲ್ಲಿ ಪಕ್ಕದ ಫಲಕ ಓದಿದ ಸಮಯವೂ ಸೇರಿದೆ.

ಅದೇ ನಗರದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವೈನ್ ಅವರನ್ನು ಕಾಡಿದ್ದೂ ಇಂಥದ್ದೇ ಚಿಂತೆ. ಎಷ್ಟು ಉಪನ್ಯಾಸ ಕೊಟ್ಟರೂ ಬಂದವರಿಗೆ ತಾವಾಗಿ ನೋಡುವುದು ಬರುತ್ತಿಲ್ಲವಲ್ಲ ಎಂದು. ಮನಶ್ಶಾಸ್ತ್ರಜ್ಞೆ ಆಬಿಗೇಲ್ ಹೌಸೆನ್ ಜೊತೆಗೂಡಿ ಅವರು ಶಾಲೆಗಳಿಗಾಗಿ ಒಂದು ಕ್ರಮ ರೂಪಿಸಿದರು. ಅದರ ಜೀವಾಳ ಮೂರೇ ಪ್ರಶ್ನೆ. ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಏನನ್ನು ನೋಡಿ ಹಾಗೆ ಹೇಳಿದೆ? ಇನ್ನೇನು ಕಾಣುತ್ತದೆ? ಮೂರರಲ್ಲಿ ಮುಖ್ಯವಾದದ್ದು ಎರಡನೆಯದು. ಮಗು ಏನು ಬೇಕಾದರೂ ಹೇಳಬಹುದು, ಆದರೆ ಹೇಳಿದ ಮೇಲೆ ಚಿತ್ರದಲ್ಲಿ ಬೆರಳಿಟ್ಟು ತೋರಿಸಬೇಕು.

ಇದು ಹೇಗೆ ನಡೆಯುತ್ತದೆಂದು ನಾನು ಕಂಡದ್ದು ಮಲೆನಾಡಿನ ಒಂದು ಸರ್ಕಾರಿ ಶಾಲೆಯಲ್ಲಿ. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ಒಟ್ಟಿಗೆ ಕೂತಿದ್ದರು. ಟೀಚರ್ ಗೋಡೆಯ ಟಿ.ವಿ.ಯಲ್ಲಿ ಹಾಕಿದ್ದು ಪೀಟರ್ ಬ್ರೂಗೆಲ್ 1560ರಲ್ಲಿ ಬರೆದ ಮಕ್ಕಳಾಟದ ಚಿತ್ರ. ಮೂಲ ವಿಯೆನ್ನಾದಲ್ಲಿದೆ. ಒಂದು ಊರಿನ ಬೀದಿ, ಬಯಲು, ಹೊಳೆದಂಡೆ ತುಂಬ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರ ಹತ್ತಿರ ಹತ್ತಿರ ಆಟಗಳು. ಟೀಚರ್ ಹೆಸರು ಹೇಳಲಿಲ್ಲ, ದೇಶ ಹೇಳಲಿಲ್ಲ. ಒಂದು ನಿಮಿಷ ಯಾರೂ ಮಾತಾಡದೆ ನೋಡಿ ಎಂದರು. ಆಮೇಲೆ ಕೇಳಿದರು:

“ಏನು ನಡೀತಾ ಇದೆ ಇಲ್ಲಿ?”

“ಜಾತ್ರೆ ಟೀಚರ್.”

“ಏನನ್ನ ನೋಡಿ ಜಾತ್ರೆ ಅಂದೆ?”

“ಜನ ತುಂಬ ಇದಾರಲ್ಲ.”

ಹಿಂದಿನ ಸಾಲಿನಿಂದ ಒಬ್ಬ ಎದ್ದ. “ಜಾತ್ರೆ ಆದ್ರೆ ಅಂಗಡಿ ಇರ್ಬೇಕಿತ್ತು. ತೇರೂ ಇಲ್ಲ.”

ಮೊದಲಿನವನು ಮತ್ತೆ ಚಿತ್ರದ ಕಡೆ ತಿರುಗಿ, ತೇರನ್ನು ಹುಡುಕಿ, ಸಿಗದೆ, “ಹಂಗಾದ್ರೆ ಶಾಲೆ ಬಿಟ್ಟಿರ್ಬೇಕು” ಎಂದು ತನ್ನ ಮಾತನ್ನು ತಾನೇ ತಿದ್ದಿಕೊಂಡ. ಬಂಡಿಗಾಲಿಯಂಥದ್ದನ್ನು ಉರುಳಿಸುತ್ತಿರುವ ಹುಡುಗರು, ಒಬ್ಬರ ಬೆನ್ನ ಮೇಲೊಬ್ಬರು ಜಿಗಿಯುವವರು, ಮರಗಾಲು ಕಟ್ಟಿಕೊಂಡವರು ಒಬ್ಬೊಬ್ಬರಾಗಿ ಪತ್ತೆಯಾದರು. ಎಡಗಡೆಯ ಕೆಳಮೂಲೆಯಲ್ಲಿ ಇಬ್ಬರು ಕೂತು ಆಡುತ್ತಿರುವುದನ್ನು ಒಬ್ಬ ಹುಡುಗಿ ಕಂಡು, ಅದು ಕಲ್ಲಾಟ, ನಾವೂ ಆಡುತ್ತೇವೆ ಎಂದಳು. ಅವರು ಕುರಿಯ ಕಾಲಿನ ಗೆಣ್ಣುಮೂಳೆಗಳಲ್ಲಿ ಆಡುತ್ತಿದ್ದಾರೆಂದು ಟೀಚರ್ ಕೊನೆಯಲ್ಲಿ ತಿಳಿಸಿದಾಗ ತರಗತಿಯಲ್ಲಿ ದೊಡ್ಡ ಗುಲ್ಲೇ ಎದ್ದಿತು. ಅದಕ್ಕೂ ಮೊದಲು, ಅಷ್ಟು ಹೊತ್ತು ಸುಮ್ಮನಿದ್ದ ಇನ್ನೊಬ್ಬಳು ಮೆಲ್ಲಗೆ ಹೇಳಿದ ಮಾತು ನನಗೆ ಈಗಲೂ ಅಚ್ಚರಿ ತರುತ್ತದೆ: “ಇವ್ರು ಯಾರೂ ನಗ್ತಾನೇ ಇಲ್ಲ ಟೀಚರ್. ಮುಖ ಎಲ್ಲ ದೊಡ್ಡವರ ಥರ ಇದೆ.”

ಆ ಚಿತ್ರದ ಬಗ್ಗೆ ಕಲಾ ಇತಿಹಾಸಕಾರರು ಇಂದಿಗೂ ವಾದಿಸುತ್ತಿರುವುದು ಇದನ್ನೇ. ದೊಡ್ಡವರ ಗಂಭೀರ ವ್ಯವಹಾರವೆಲ್ಲ ದೇವರ ಕಣ್ಣಿಗೆ ಮಕ್ಕಳಾಟ ಎಂದು ಬ್ರೂಗೆಲ್ ಸೂಚಿಸುತ್ತಿದ್ದಾನೆಯೇ, ತನ್ನ ಕಾಲದ ಆಟಗಳನ್ನು ಪ್ರೀತಿಯಿಂದ ಕೂಡಿಹಾಕುತ್ತಿದ್ದಾನೆಯೇ, ಒಮ್ಮತವಿಲ್ಲ. ಪುಸ್ತಕ ಓದದ ಹುಡುಗಿಯೊಬ್ಬಳು ಕಣ್ಣಿನ ಬಲದಿಂದಲೇ ಆ ವಾದದ ಹೊಸ್ತಿಲಿಗೆ ಬಂದು ನಿಂತಿದ್ದಳು.

ಟೀಚರ್ ಏನು ಮಾಡುತ್ತಿದ್ದರು ಎನ್ನುವುದನ್ನೂ ಗಮನಿಸಬೇಕು. ಯಾವ ಉತ್ತರಕ್ಕೂ ‘ಸರಿ’, ‘ಜಾಣ’, ‘ತಪ್ಪು’ ಎನ್ನಲಿಲ್ಲ. ಮಗು ಹೇಳಿದ್ದನ್ನು ಇನ್ನೊಂದಿಷ್ಟು ಚೆಂದದ ಮಾತಿನಲ್ಲಿ ಮರಳಿ ಹೇಳುತ್ತಿದ್ದರು, ಹೇಳುತ್ತಲೇ ಚಿತ್ರದಲ್ಲಿ ಆ ಜಾಗ ಮುಟ್ಟಿ ತೋರಿಸುತ್ತಿದ್ದರು, ‘ನೀನು ಹೇಳಿದ್ದಕ್ಕೂ ಅವನು ಹೇಳಿದ್ದಕ್ಕೂ ಎಲ್ಲಿ ವ್ಯತ್ಯಾಸ’ ಎಂದು ಜೋಡಿಸುತ್ತಿದ್ದರು. ಮೇಲ್ನೋಟಕ್ಕೆ ಸುಲಭ. ವರ್ಷಗಟ್ಟಲೆ ಸರಿಯುತ್ತರ ಹೇಳಿಸಿಯೇ ಅಭ್ಯಾಸವಾದ ನಾಲಿಗೆಗೆ ಬಲು ಕಷ್ಟ.

ಹಾಗಾದರೆ ಯಾರು ಏನು ಹೇಳಿದರೂ ನಡೆಯುತ್ತದೆಯೇ ಎಂದು ಪಾಲಕರು ಕೇಳಿದ್ದುಂಟು. ಇಲ್ಲ. ಜಾತ್ರೆ ಎಂದವನ ಮಾತು ಬಿದ್ದುಹೋದದ್ದು ತೇರಿಲ್ಲದ್ದರಿಂದ, ಟೀಚರ್ ಅಲ್ಲಗಳೆದದ್ದರಿಂದಲ್ಲ. ಅಭಿಪ್ರಾಯ ಎಂಬುದು ಆಧಾರದ ಮೇಲೆ ನಿಲ್ಲುತ್ತದೆ, ಆಧಾರ ಜಾರಿದರೆ ಅದನ್ನು ಬಿಟ್ಟುಕೊಡಬೇಕು, ಬಿಟ್ಟುಕೊಟ್ಟರೆ ಅವಮಾನವಿಲ್ಲ ಎಂಬುದನ್ನು ಮಗು ಆ ಹತ್ತು ನಿಮಿಷದಲ್ಲಿ ಕಲಿತಿತು. ನನ್ನ ಮಟ್ಟಿಗೆ ಕಲಾ ವಿಮರ್ಶೆಯನ್ನು ಪ್ರಾಥಮಿಕ ತರಗತಿಗೆ ತರಬೇಕೆನ್ನಲು ಇದೊಂದೇ ಕಾರಣ ಸಾಕು.

ಮಾಹಿತಿ ಬೇಡವೇ ಎಂದರೆ, ಬೇಕು. ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ರಾಜಾ ರವಿವರ್ಮನದೆಂದು ಎಷ್ಟೋ ಜನ ಈಗಲೂ ನಂಬಿದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇಂಥದ್ದು ಬರಿಗಣ್ಣಿಗೆ ಹೊಳೆಯುವ ವಿಷಯವಲ್ಲ, ತಿಳಿದವರು ಹೇಳಲೇಬೇಕು. ಆದರೆ ಮೊದಲೇ ಹೇಳಿದರೆ ಮಗು ಚಿತ್ರವನ್ನು ಬಿಟ್ಟು ಹೆಸರನ್ನು, ಇಸವಿಯನ್ನು ಬರೆದುಕೊಳ್ಳುತ್ತದೆ. ಪರೀಕ್ಷೆಗೆ ಬರುವುದು ಅದೇ ಎಂದು ಅದಕ್ಕೆ ಗೊತ್ತು. ನೋಡಿ ಮುಗಿದ ಮೇಲೆ, ತಾನಾಗಿ ಕುತೂಹಲ ಹುಟ್ಟಿ ‘ಇದನ್ನ ಬರೆದೋರು ಯಾರು’ ಎಂದು ಕೇಳಿದ ಮೇಲೆ ಕೊಟ್ಟ ಮಾಹಿತಿ ಮನಸ್ಸಿನಲ್ಲಿ ಉಳಿಯುತ್ತದೆ.

ಇನ್ನು ತೀರ್ಪಿನ ಮಾತು. ಅಮೆರಿಕದ ಕಲಾ ಶಿಕ್ಷಣ ತಜ್ಞ ಎಡ್ಮಂಡ್ ಫೆಲ್ಡ್‌ಮನ್ ರೂಢಿಗೆ ತಂದ ಕ್ರಮದಲ್ಲಿ ನಾಲ್ಕು ಹಂತಗಳಿವೆ: ಇರುವುದನ್ನು ಹೇಳು, ಅವು ಹೇಗೆ ಕೂಡಿಕೊಂಡಿವೆ ನೋಡು, ಏನನ್ನು ಸೂಚಿಸುತ್ತಿವೆ ಯೋಚಿಸು, ಕೊನೆಗೆ ಬೆಲೆ ಕಟ್ಟು. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುಗುಮುರುಗು. ಮೊದಲೇ ‘ಸೂಪರ್’ ಅಥವಾ ‘ಏನಿದು, ಒಂದೂ ಅರ್ಥವಾಗಲ್ಲ’ ಎಂದುಬಿಟ್ಟರೆ ನೋಡುವ ಕೆಲಸ ಅಲ್ಲಿಗೇ ನಿಂತಿತು. ಫೆಲ್ಡ್‌ಮನ್ನರ ನಾಲ್ಕು ಹಂತಗಳನ್ನು ಮಂತ್ರದ ಹಾಗೆ ಬೋರ್ಡಿನ ಮೇಲೆ ಬರೆಸಬೇಕೆಂದು ನಾನು ಹೇಳುತ್ತಿಲ್ಲ. ಮೊದಲ ಮೂರಕ್ಕೆ ಸಮಯ ಕೊಟ್ಟರೆ ನಾಲ್ಕನೆಯದು ಹದವಾಗಿ ಬರುತ್ತದೆ, ಅಷ್ಟೆ.

ತೀರ್ಪಿನ ಅಳತೆಗೋಲು ವಯಸ್ಸಿಗೆ ತಕ್ಕಂತೆ ಬದಲಾಗುವುದನ್ನೂ ಶಿಕ್ಷಕರು ತಿಳಿದಿರಬೇಕು. ಮಕ್ಕಳನ್ನೂ ದೊಡ್ಡವರನ್ನೂ ಚಿತ್ರಗಳ ಬಗ್ಗೆ ಮಾತಾಡಿಸಿ ಮೈಕೇಲ್ ಪಾರ್ಸನ್ಸ್ 1987ರಲ್ಲಿ ಒಂದು ಪುಸ್ತಕ ಬರೆದರು. ಅವರು ಕಂಡಂತೆ ತೀರ ಚಿಕ್ಕವರಿಗೆ ಹೆಚ್ಚುಕಡಿಮೆ ಎಲ್ಲ ಚಿತ್ರವೂ ಇಷ್ಟ. ತನಗಿಷ್ಟವಾದ ಬಣ್ಣ ಇದೆ, ನಮ್ಮ ಮನೆಯ ನಾಯಿಯಂಥ ನಾಯಿ ಇದೆ, ಇಷ್ಟು ಸಾಕು. ಮುಂದಿನ ಹಂತದಲ್ಲಿ ನಿಜದ ಹಾಗೆ ಇರುವುದೇ ಒಳ್ಳೆಯ ಚಿತ್ರ. ಭಾವ ಮುಟ್ಟಿಸುವುದು ಮುಖ್ಯ ಎಂಬ ತಿಳಿವು ಬರುವುದು ಆಮೇಲೆ. ನಾಲ್ಕು–ಐದನೇ ತರಗತಿಯ ಮಕ್ಕಳು ಹೆಚ್ಚಾಗಿ ಈ ‘ನಿಜದ ಹಾಗೆ’ ಎಂಬ ಅಳತೆಗೋಲನ್ನೇ ಹಿಡಿದಿರುತ್ತಾರೆ. ಅದೇ ಕೋಲಿನಿಂದ ತಮ್ಮ ಚಿತ್ರವನ್ನೂ ಅಳೆದು, ‘ನಂಗೆ ಬರಲ್ಲ’ ಎಂದು ಬಣ್ಣದ ಡಬ್ಬಿ ಮುಚ್ಚಿಡುವುದೂ ಈ ವಯಸ್ಸಿನಲ್ಲೇ. ಹೆಬ್ಬಾರರ ರೇಖಾಚಿತ್ರಗಳನ್ನು ಇವರಿಗೆ ತೋರಿಸಬೇಕು. ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕೆಲವೇ ಗೆರೆಗಳಲ್ಲಿ ನರ್ತಕಿಯನ್ನು ಕುಣಿಸುತ್ತಾರೆ. ಕಣ್ಣು, ಮೂಗು, ಬೆರಳು ಒಂದೂ ಬಿಡಿಸಿ ಬರೆದಿರುವುದಿಲ್ಲ. ‘ಮುಖವೇ ಇಲ್ಲ, ಆದರೂ ಕುಣೀತಿದಾಳೆ ಅಂತ ನಿನಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿದರೆ ಮಗುವಿನ ಅಳತೆಗೋಲು ತಾನಾಗಿ ಉದ್ದವಾಗುತ್ತದೆ.

ಪರರ ಚಿತ್ರದ ಬಗ್ಗೆ ಮಾತಾಡಿ ಪಳಗಿದ ಮೇಲೆ ಮಕ್ಕಳು ಒಬ್ಬರ ಚಿತ್ರವನ್ನೊಬ್ಬರು ನೋಡಬೇಕು. ಇಲ್ಲಿ ತುಂಬ ಜೋಪಾನ ಬೇಕು. ನಮ್ಮ ಯಾವುದೇ ಶಾಲೆಯಲ್ಲಿ ‘ಒಂದು ಚಿತ್ರ ಬರೆಯಿರಿ’ ಎಂದರೆ ಹಾಳೆ ತುಂಬ ಅದೇ ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಒಂದು ಹೊಳೆ, ಒಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ. ಸಮುದ್ರದ ದಂಡೆಯ ಮಗುವೂ ಬಯಲುಸೀಮೆಯ ಮಗುವೂ ಬರೆಯುವುದು ಆ ಗುಡ್ಡಗಳನ್ನೇ. ಬೈದರೆ ಪ್ರಯೋಜನವಿಲ್ಲ. ‘ನಿನ್ನ ಮನೆಯಿಂದ ಸೂರ್ಯ ಎಲ್ಲಿ ಮುಳುಗ್ತಾನೆ?’ ಎಂಬ ಒಂದು ಪ್ರಶ್ನೆ ಸಾಕು, ಮಾರನೆಯ ದಿನ ಹಾಳೆಯಲ್ಲಿ ನೀರಿನ ಟ್ಯಾಂಕು, ಮೊಬೈಲ್ ಟವರು ಬಂದಿರುತ್ತವೆ. ಗೆಳೆಯರೂ ಇದೇ ಧಾಟಿಯಲ್ಲಿ ಮಾತಾಡಲು ಕಲಿಯಬೇಕು. ‘ನಿನ್ನ ಹಸು ಚೆನ್ನಾಗಿಲ್ಲ’ ಎಂದರೆ ಬರೆದವನಿಗೆ ಅಳು ಬಿಟ್ಟು ಬೇರೇನೂ ಸಿಗದು. ‘ಹಸುವಿನ ಕಾಲು ನಾಲ್ಕೂ ಒಂದೇ ಕಡೆ ಇವೆ, ನಡೀತಿದೆಯೋ ನಿಂತಿದೆಯೋ ಗೊತ್ತಾಗ್ತಿಲ್ಲ’ ಎಂದರೆ ಮುಂದಿನ ಹಸುವಿಗೆ ದಾರಿ ಸಿಗುತ್ತದೆ.

ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳಲ್ಲಿ ಇದೇ ಕೊರತೆ ನನ್ನನ್ನು ನೋಯಿಸುತ್ತದೆ. ಪ್ರಥಮ, ದ್ವಿತೀಯ, ತೃತೀಯ ಎಂದು ಮೈಕಿನಲ್ಲಿ ಕೂಗುತ್ತಾರೆ, ಯಾಕೆ ಎಂದು ಯಾರೂ ಹೇಳುವುದಿಲ್ಲ. ಗೆದ್ದ ಮಗುವಿಗೂ ತಾನು ಏನು ಚೆನ್ನಾಗಿ ಮಾಡಿದೆನೆಂದು ತಿಳಿಯದು. ತೀರ್ಪುಗಾರರು ಮೊದಲ ಮೂರು ಚಿತ್ರಗಳ ಎದುರು ನಿಂತು ಎರಡೆರಡು ಮಾತು ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯುತ್ತದೆ. ಅಷ್ಟನ್ನು ನಿಯಮವಾಗಿ ಮಾಡಬೇಕು.

ಕಲಿಸುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಕಲೆಯನ್ನು ಹತ್ತನೇ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಎಲ್ಲ ವಿಷಯಗಳ ಕಲಿಕೆಗೂ ಬೆಸೆಯಬೇಕೆಂದಿತು. ಆಚರಣೆಯಲ್ಲಿ ಅದು ಎಷ್ಟೋ ಕಡೆ ವಿಜ್ಞಾನದ ಚಾರ್ಟಿಗೆ ಬಣ್ಣ ಬಳಿಯುವುದಕ್ಕೆ ಇಳಿದಿದೆ. ಚಿತ್ರಕಲಾ ಶಿಕ್ಷಕರ ಹುದ್ದೆ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಬರುವವರೆಗೆ ಕಾಯುತ್ತ ಕೂತರೆ ಈಗಿನ ಮಕ್ಕಳು ಪಿಯುಸಿ ಮುಗಿಸಿರುತ್ತಾರೆ. ಸಮಾಧಾನದ ವಿಷಯವೆಂದರೆ ನೋಡಿಸಲು ಶಿಕ್ಷಕರಿಗೆ ಚಿತ್ರ ಬರೆಯಲು ಬರಬೇಕಿಲ್ಲ. ಕನ್ನಡದ ಪಾಠಕ್ಕೇ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಇದನ್ನು ಸೇರಿಸಬಹುದು. ವಾಕ್ಯ ಕಟ್ಟಿ ಮಾತಾಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಕೃತಿಗಳಿಗಾಗಿ ವಿಯೆನ್ನಾದವರೆಗೆ ಹೋಗಬೇಕೆಂದೂ ಇಲ್ಲ. ಬೇಲೂರಿಗೆ ಪ್ರವಾಸ ಹೋದಾಗ ಗೈಡ್ ಮಾತು ಶುರುಮಾಡುವ ಮುಂಚೆ ಐದು ನಿಮಿಷ ಮಕ್ಕಳನ್ನು ದರ್ಪಣ ಸುಂದರಿಯ ಕೆಳಗೆ ನಿಲ್ಲಿಸಿ, ಅವಳು ಕನ್ನಡಿಯಲ್ಲಿ ಏನು ನೋಡುತ್ತಿರಬಹುದೆಂದು ಕೇಳಬಹುದು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಲ್ಲಿನ ಶಿಲ್ಪಗಳಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಅಪ್ಪನ ಕೈ, ಮಗನ ಕೈ ಬೇರೆ ಬೇರೆ ಕಾಣುತ್ತವೆಯೇ ಎಂಬುದು ಏಳನೇ ತರಗತಿಯವರು ಅರ್ಧ ದಿನ ತಲೆ ಕೆಡಿಸಿಕೊಳ್ಳಬಹುದಾದ ಪ್ರಶ್ನೆ. ಸಾಗರ, ಸೊರಬದ ಕಡೆಯ ಶಾಲೆಗಳಿಗಂತೂ ಊರಲ್ಲೇ ವಿಮರ್ಶಕರಿದ್ದಾರೆ. ದೀವರ ಮನೆಗಳ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಯಾವ ಎಳೆ ಸಡಿಲಾಯಿತು, ಯಾವ ಮೂಲೆ ಕೂಡಲಿಲ್ಲ ಎಂದು ದೂರದಿಂದಲೇ ಹೇಳುವ ಅಜ್ಜಿಯರು ಅವರಲ್ಲಿದ್ದಾರೆ. ಅಂಥವರೊಬ್ಬರನ್ನು ಶನಿವಾರದ ಬೆಳಗಿನ ಶಾಲೆಗೆ ಕರೆದು, ‘ಅಜ್ಜಿ, ಇದು ಸರಿ ಬಂದಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’ ಎಂದು ಮಕ್ಕಳಿಂದಲೇ ಕೇಳಿಸಬೇಕು. ಅದಕ್ಕೆ ಇಲಾಖೆಯ ಸುತ್ತೋಲೆ ಬರಬೇಕಾಗಿಲ್ಲ, ಮುಖ್ಯ ಶಿಕ್ಷಕರು ಹೂಂ ಅಂದರೆ ಆಯಿತು.